ಐದನೆಯ ತೂತು

"ಮುಟ್ಟಬೇಡ," ಎಂದೆ.

ಎಲ್ಲರೂ ಗಡಿಯಾರ ಎಂದು ಕರೆಯುವ ಹುಡುಗ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಅಭ್ಯಾಸದಂತೆ ಮಣಿಕಟ್ಟು ನೋಡಿಕೊಂಡ. "ಎರಡು ಇಪ್ಪತ್ತು, ಮೇಡಂ. ನಾಲ್ಕಕ್ಕೆ ಕಮಿಟಿ."

"ನನಗೂ ಗೊತ್ತು. ಗುಬ್ಬಿನ ಒಳಗೆ ಕಳಿಸು. ನೀನು ಹೊರಗಿರು, ದೂರ ಹೋಗ್ಬೇಡ."

ಅವನು ಹೋದ. ಜೀನುಕೋಣೆಯಲ್ಲಿ ನಾನು ಉಳಿದೆ, ಮೇಜಿನ ಮೇಲೆ ಎರಡು ಹೊಟ್ಟೆಪಟ್ಟಿಗಳು ಉಳಿದವು. ಜೀನನ್ನು ಕುದುರೆಯ ಬೆನ್ನಿಗೆ ಕಚ್ಚಿ ಹಿಡಿಸುವ ಚರ್ಮದ ಪಟ್ಟಿ ಅದು. ಅದೊಂದು ಕೈಕೊಟ್ಟರೆ ಎಂಥ ಸವಾರನೂ ಮೂಟೆಯೇ.

ಸೋಮವಾರ ಬೆಳಗ್ಗೆ ಆಗಿದ್ದೂ ಅದೇ. ಓಡುತ್ತಿದ್ದ ಕುದುರೆಯ ಹೊಟ್ಟೆಪಟ್ಟಿ ಕಿತ್ತುಬಂದು, ಲಾಯದ ಕ್ಯಾಪ್ಟನ್ ಜೀನಿನ ಸಮೇತ ಬೇಲಿಗೆ ಅಪ್ಪಳಿಸಿದ್ದಳು. ಇವತ್ತು ಶನಿವಾರ, ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾಳೆ, ಮಾತಾಡುವುದಿಲ್ಲ. ಆ ಕುದುರೆಗೆ ಜೀನು ಕಟ್ಟಿದ್ದವಳು ಗುಬ್ಬಿ. 'ನನ್ನದೇ ತಪ್ಪು' ಎಂದು ಒಂದೇ ಸಾಲು ಬರೆದುಕೊಟ್ಟು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಾಲ್ಕು ಗಂಟೆಗೆ ಕಮಿಟಿ ಸೇರಿ ಅವಳ ಹೆಸರನ್ನು ಕಾಲೇಜಿನಿಂದ ತೆಗೆದುಹಾಕುವುದರಲ್ಲಿತ್ತು.

ಪ್ರಿನ್ಸಿಪಾಲ್ ನನ್ನ ತಮ್ಮ. ತನ್ನ ತಲೆನೋವನ್ನು ನನ್ನ ತಲೆಗೆ ಕಟ್ಟುವುದರಲ್ಲಿ ಚಿಕ್ಕಂದಿನಿಂದಲೂ ನಿಸ್ಸೀಮ. "ಅಕ್ಕ, ನೀನು ಮೂವತ್ತು ವರ್ಷ ಕುದುರೆ ಪೊಲೀಸಲ್ಲಿ ಇದ್ದೋಳು. ಒಂದ್ಸಲ ಬಂದು ನೋಡು, ನಮ್ಮ ಮನಸ್ಸಿಗೂ ಸಮಾಧಾನ," ಎಂದಿದ್ದ. ಅವನಿಗೆ ಬೇಕಾಗಿದ್ದದ್ದು ಸಮಾಧಾನ. ನನಗೆ ಸಿಕ್ಕಿದ್ದು ಈ ಎರಡು ಪಟ್ಟಿ.

ಈ ಲಾಯವನ್ನು ನಡೆಸುವವರು ವಿದ್ಯಾರ್ಥಿಗಳೇ. ಹುಲ್ಲು, ನೀರು, ಲದ್ದಿ ಎತ್ತುವುದು, ಹೊಸಬರಿಗೆ ಸವಾರಿ ಕಲಿಸುವುದು ಎಲ್ಲ ಅವರದೇ ಜವಾಬ್ದಾರಿ. ಪ್ರಾಣಿವೈದ್ಯರು, ಲಾಳ ಹೊಡೆಯುವವನು ಇಬ್ಬರು ಮಾತ್ರ ತಿಂಗಳಿಗೊಮ್ಮೆ ಹೊರಗಿನಿಂದ ಬರುತ್ತಾರೆ. ಮೊದಲ ಸಲ ಕುದುರೆಯಿಂದ ಬಿದ್ದ ದಿನ ಇಲ್ಲಿ ನಾಮಕರಣ. ಬಿದ್ದ ಹುಡುಗ ಕೈಕಾಲು ನೋಡಿಕೊಳ್ಳದೆ ಗಡಿಯಾರ ಓಡುತ್ತಿದೆಯೇ ಎಂದು ನೋಡಿಕೊಂಡನಂತೆ, ಗಡಿಯಾರ ಆದ. ಹುಡುಗಿ ಬಿದ್ದಷ್ಟೇ ಬೇಗ ಪುಟಿದೆದ್ದಳಂತೆ, ಗುಬ್ಬಿಯಾದಳು. ಕ್ಯಾಪ್ಟನ್‌ಗೆ ಮಾತ್ರ ಹೆಸರಿರಲಿಲ್ಲ. ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಪೊಲೀಸಿನಲ್ಲಿ ನನ್ನ ಹೆಸರು ಏನಿತ್ತೆಂಬುದು ಇಲ್ಲಿ ಯಾರಿಗೂ ಬೇಕಿಲ್ಲ.

ಜೀನುಕೋಣೆಯ ಬಾಗಿಲ ಮೇಲೆ ಯಾವುದೋ ಹಳೆಯ ಬ್ಯಾಚಿನವರು ಬಣ್ಣದಲ್ಲಿ ಬರೆದ ನಿಯಮ ಇನ್ನೂ ಇದೆ: 'ಏರುವವರು ಕಟ್ಟಬಾರದು.' ನಿಮ್ಮ ಕುದುರೆಗೆ ಇನ್ನೊಬ್ಬರು ಜೀನು ಕಟ್ಟಬೇಕು, ಅವರದಕ್ಕೆ ನೀವೋ ಮತ್ತೊಬ್ಬರೋ. ಒಬ್ಬರ ಕೈಕಾಲು ಇನ್ನೊಬ್ಬರ ಹೊಣೆಯಾದರೆ ಯಾರೂ ಅರೆನಿದ್ದೆಯಲ್ಲಿ ಬಕಲ್ ಹಾಕುವುದಿಲ್ಲ ಎನ್ನುವುದು ಅವರ ನಂಬಿಕೆ. ನನಗೆ ಈ ನಿಯಮ ತುಂಬ ಹಿಡಿಸಿತು. ಪೊಲೀಸಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಇನ್ನು ಆ ಪಟ್ಟಿಗಳು. ನಮ್ಮ ಪಡೆ ಬಿಟ್ಟುಕೊಟ್ಟ ಹಳೆಯ ಮಾದರಿಯವು, ನನ್ನ ಕೈ ಅವುಗಳಲ್ಲೇ ಸವೆದದ್ದು. ಒಂದು ತುದಿಗೆ ಕಬ್ಬಿಣದ ಬಳೆ ಹೊಲಿದಿರುತ್ತದೆ, ಇನ್ನೊಂದು ತುದಿಯಲ್ಲಿ ಏಳು ತೂತು. ಬಳೆ ಜೀನಿನ ಬಲಕ್ಕೆ ಸಿಕ್ಕಿಕೊಳ್ಳುತ್ತದೆ, ತೂತಿನ ತುದಿ ಎಡಗಡೆಯ ಬಕಲ್‌ಗೆ.

ಸೋಮವಾರ ಕಿತ್ತುಬಂದ ಪಟ್ಟಿಯಲ್ಲಿ ಬಳೆಯ ಸುತ್ತ ಹನ್ನೊಂದು ಹೊಲಿಗೆ ಇತ್ತು. ಮೂರರ ದಾರ ಎಳೆದು ಎಳೆದು ಹರಿದು ಕುಚ್ಚಾಗಿತ್ತು. ಎಂಟರ ತುದಿ ನುಣ್ಣಗಿತ್ತು. ಬ್ಲೇಡು ಆಡಿದ ಮೇಲೆ ಯಾರೋ ಕಪ್ಪು ಮೇಣ ತೀಡಿ ಜಾಗ ಮುಚ್ಚಿದ್ದರು. ಇದು ನಿರ್ಲಕ್ಷ್ಯ ಅಲ್ಲ ಎಂದು ನಾನು ಬೆಳಗ್ಗೆಯೇ ತಿಳಿದಿದ್ದೆ, ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಕಣ್ಣಿಗೆ ಬಿದ್ದದ್ದು ತೂತುಗಳು. ತಿಂಗಳಾನುಗಟ್ಟಲೆ ಒಂದೇ ತೂತಿಗೆ ಬಕಲ್ ಹಾಕಿದರೆ ಅಲ್ಲಿ ಚರ್ಮ ಮಡಿಕೆ ಬಿದ್ದು ಬಣ್ಣ ತಿರುಗುತ್ತದೆ. ಕ್ಯಾಪ್ಟನ್ ಏರಿದ್ದ ಕುದುರೆ ದೊರೆ. ಹೆಸರಿಗೆ ತಕ್ಕ ಹೊಟ್ಟೆ, ತುದಿಯಿಂದ ಎರಡನೆಯ ತೂತಿಗೆ ಬಂದರೆ ಹೆಚ್ಚು. ಆದರೆ ಅವನ ಹೊಟ್ಟೆಯಿಂದ ಕಿತ್ತುಬಂದ ಪಟ್ಟಿಯಲ್ಲಿ ಹಳೆಯ ಮಡಿಕೆ ಇದ್ದದ್ದು ಐದನೆಯ ತೂತಿನಲ್ಲಿ.

ಐದನೆಯ ತೂತಿಗೆ ಬಿಗಿಯುವ ಕುದುರೆ ಈ ಲಾಯದಲ್ಲಿ ಒಂದೇ. ಸೂಜಿ ಎಂಬ ಬಡಕಲು ಹೆಣ್ಣುಕುದುರೆ.

ಜೀನುಕೋಣೆಯ ಗೋಡೆಯಲ್ಲಿ ಸೂಜಿಗೆ ಮೀಸಲಾದ ಗೂಟದಲ್ಲಿ ನೇತಾಡುತ್ತಿದ್ದ ಪಟ್ಟಿಯನ್ನೂ ಇಳಿಸಿ ತಂದೆ. ಹಳೆಯ ಮಡಿಕೆ ಎರಡನೆಯದರಲ್ಲಿ. ಐದನೆಯದರಲ್ಲಿ ಒಂದೇ ಸಲ ಹಾಕಿದ ಹೊಸ ಗೆರೆ. ಸೋಮವಾರದಿಂದ ಲಾಯದಲ್ಲಿ ಸವಾರಿ ನಿಂತಿದೆ. ಅಂದರೆ ಆ ಒಂದು ಸಲ ಎನ್ನುವುದು ಸೋಮವಾರ ಬೆಳಗ್ಗೆಯೇ.

ಗುಬ್ಬಿ ಬಂದಳು. ಹೊಸ್ತಿಲಲ್ಲಿ ಹಾಸಿದ್ದ ಗೋಣಿಗೆ ಎರಡೂ ಬೂಟು ಒರೆಸಿ ಒಳಗೆ ಬಂದು ನಿಂತಳು. ಎರಡನೆಯ ವರ್ಷದವಳು, ಗಿಡ್ಡಗೆ, ಸ್ವೆಟರ್ ತೋಳಿನೊಳಗೆ ಕೈ ಅಡಗಿಸಿಕೊಂಡಿದ್ದಳು.

"ಕೂತ್ಕೋ."

"ಪರವಾಗಿಲ್ಲ ಮೇಡಂ."

"ನನ್ನ ಕತ್ತು ನೋಯುತ್ತೆ ಕಣಮ್ಮ, ನಿನಗೆ ಪರವಾಗಿಲ್ಲ ಅನ್ನಿಸಬಹುದು. ಕೂತ್ಕೋ."

ಕೂತಳು. ನಾನು ಕಿತ್ತುಬರದ ಪಟ್ಟಿಯನ್ನು ಅವಳ ಕಡೆ ತಳ್ಳಿದೆ. "ಇದು ಯಾವ ಕುದುರೆದು?"

ಅವಳು ಎತ್ತಿಕೊಂಡಳು. ಕಣ್ಣು ನನ್ನ ಮೇಲಿತ್ತು, ಹೆಬ್ಬೆರಳು ಮಾತ್ರ ತಾನೇ ತಾನಾಗಿ ಬಳೆಯ ಸುತ್ತ ಹೊಲಿಗೆಯ ಮೇಲೆ ಒಂದು ಸುತ್ತು ಓಡಿಬಂತು. ಗಡಿಯಾರನೂ ಬೆಳಗ್ಗೆ ಹೀಗೇ ಮಾಡಿದ್ದ. ದಾರವನ್ನು ಸವರಿ ನೋಡದೆ ಇಲ್ಲಿ ಯಾರೂ ಪಟ್ಟಿ ಎತ್ತುವುದಿಲ್ಲ. ಮೊದಲ ವಾರದಲ್ಲೇ ಆ ಅಭ್ಯಾಸ ಕೈಗೆ ಹತ್ತಿಸಿಬಿಡುತ್ತಾರೆ.

"ಸೂಜಿದು," ಎಂದಳು.

"ಗೂಟ ನೋಡಿ ಹೇಳ್ಬೇಡ, ಪಟ್ಟಿ ನೋಡಿ ಹೇಳು."

ಅವಳು ಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಹೊರಗೆ ಯಾವುದೋ ಕುದುರೆ ಬಕೆಟ್ಟನ್ನು ಒದೆಯಿತು.

"ನಿಮ್ಮಮ್ಮ ಬೆಳಗ್ಗೆಯಿಂದ ಆಫೀಸ್ ಬೆಂಚಿನ ಮೇಲೆ ಕೂತಿದಾರೆ," ಎಂದೆ. "ಬಸ್ ಡ್ಯೂಟಿಗೆ ರಜ ಹಾಕಿ, ಕಂಡಕ್ಟರ್ ಯೂನಿಫಾರ್ಮಲ್ಲೇ. ನನ್ನ ಮಗಳು ಇರುವೆಗೂ ದಾರಿ ಬಿಟ್ಟು ನಡೆಯೋಳು ಮೇಡಂ ಅಂದ್ರು. ಅವರಿಗೋಸ್ಕರ ಆದ್ರೂ ಬಾಯಿ ಬಿಡು."

"ಅಮ್ಮನ್ನ ಯಾಕೆ ಕರೆಸಿದ್ರು?"

"ಮನೆಗೆ ಕರ್ಕೊಂಡು ಹೋಗೋಕೆ. ನಾಲ್ಕು ಗಂಟೆ ಮೇಲೆ ನೀನು ಇಲ್ಲಿ ಓದೋ ಹಾಗಿಲ್ಲ."

"ದೊರೆದು," ಎಂದಳು. "ಇದು ದೊರೆ ಪಟ್ಟಿ. ಕಿತ್ತುಬಂದಿದ್ದು ಸೂಜಿದು. ನಾನೇ ಅದಲುಬದಲು ಮಾಡಿದ್ದು."

"ಯಾವಾಗ?"

"ಸೋಮವಾರ ಬೆಳಗ್ಗೆ. ಐದೂವರೆಗೆ ಕೋಣೆ ಬೀಗ ತೆಗೆದ್ರು. ಯಾರೂ ನೋಡ್ದೇ ಇದ್ದಾಗ ಗೂಟದಲ್ಲಿ ಬದಲಾಯಿಸ್ದೆ."

"ಯಾಕೆ?"

"ದೊರೆಗೆ ಗಾಯ ಆಗಿತ್ತು ಮೇಡಂ. ಮುಂಗಾಲಿನ ಹಿಂದೆ, ಪಟ್ಟಿ ಉಜ್ಜೋ ಜಾಗದಲ್ಲಿ, ಎಡಗಡೆ. ಕೂದಲು ಹೋಗಿ ಚರ್ಮ ಕೆಂಪಗಾಗಿತ್ತು. ಸೂಜಿ ಪಟ್ಟಿ ಮೆತ್ತಗಿರುತ್ತೆ, ಎಣ್ಣೆ ಚೆನ್ನಾಗಿ ಹೀರ್ಕೊಂಡಿದೆ. ಅದನ್ನ ಹಾಕಿದ್ರೆ ನೋಯಲ್ಲ ಅಂತ."

"ಗಾಯ ಆಗಿದೆ ಅಂತ ಲಾಯದ ಬೋರ್ಡಲ್ಲಿ ಬರೀಲಿಲ್ಲ."

"ಬರೆದ್ರೆ ದೊರೆಗೆ ಮೂರು ದಿನ ರಜ. ಅದು ನಿಯಮ. ಅವತ್ತು ಆಯ್ಕೆ ಇತ್ತಲ್ಲ, ಸ್ಪರ್ಧೆಗೆ. ದೊರೆ ಇಲ್ದೆ ಕ್ಯಾಪ್ಟನ್ ಏನು ಮಾಡ್ತಾಳೆ?"

ಸ್ಪರ್ಧೆಗೆ ಈ ಕಾಲೇಜಿನಿಂದ ಹೋಗುವುದು ಒಬ್ಬರೇ. ಕೊನೆಗೆ ಉಳಿದಿದ್ದವರು ಇಬ್ಬರು, ಕ್ಯಾಪ್ಟನ್ ಮತ್ತು ಈ ಗುಬ್ಬಿ. ಎದುರಾಳಿಯ ಕುದುರೆಯ ಗಾಯವನ್ನು ಮುಚ್ಚಿಟ್ಟು ಅವಳನ್ನೇ ಕಣಕ್ಕಿಳಿಸಿದ ಹುಡುಗಿ ನನ್ನೆದುರು ಕೂತಿದ್ದಳು. ಆ ಕ್ಷಣ ನನಗೆ ಅವಳ ಮೇಲೆ ನಿಜವಾಗಿ ಅಕ್ಕರೆ ಹುಟ್ಟಿತು. ಇಲಾಖೆಯಲ್ಲಿ ಇಂಥವರನ್ನು ಪೆದ್ದರು ಅನ್ನುತ್ತಿದ್ದೆವು, ಆಮೇಲೆ ಅವರ ಪಕ್ಕದಲ್ಲೇ ಡ್ಯೂಟಿ ಬೇಡಿಕೊಳ್ಳುತ್ತಿದ್ದೆವು.

"ಇಷ್ಟು ದಿನ ಇದನ್ನ ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿ ಏನು ಪ್ರಯೋಜನ ಮೇಡಂ? ನಾನು ಬದಲಾಯಿಸದೆ ಇದ್ದಿದ್ರೆ ಅವಳು ಬೀಳ್ತಾ ಇರ್ಲಿಲ್ಲ."

"ಅವಳು ಬೀಳ್ತಾ ಇರ್ಲಿಲ್ಲ, ಸರಿ. ಸೋಮವಾರ ಸೂಜಿ ಮೇಲೆ ಕೂತಿದ್ದು ಯಾರು?"

"ನಾನು."

ನಾನು ಕಿತ್ತ ಪಟ್ಟಿಯ ತುದಿಯನ್ನು ತಿರುಗಿಸಿ, ಎಂಟು ಹೊಲಿಗೆಗಳನ್ನು ಒಂದೊಂದಾಗಿ ತೋರಿಸಿದೆ. "ಇದನ್ನ ಯಾರೋ ಕೊಯ್ದಿದಾರೆ. ಸೂಜಿ ಗೂಟದಲ್ಲಿದ್ದಾಗ. ದೊರೆ ಪಟ್ಟಿನ ಯಾರೂ ಮುಟ್ಟಿಲ್ಲ. ಈ ಬ್ಲೇಡ್ ಬಂದಿದ್ದು ನಿನಗೋಸ್ಕರ ಕಣಮ್ಮ."

ಗುಬ್ಬಿ ಹೊಲಿಗೆಗಳನ್ನು ನೋಡಿದಳು. ಮುಖ ಬಿಳಿಚಲಿಲ್ಲ, ಕೈ ನಡುಗಲಿಲ್ಲ. ದೊಡ್ಡ ಪೆಟ್ಟು ಬಿದ್ದವರು ಮೊದಲು ಹೀಗೇ ಸುಮ್ಮನಿರುತ್ತಾರೆ ಎಂದುಕೊಂಡೆ.

"ಕ್ಯಾಪ್ಟನ್‌ಗೆ ಮಾತು ಬಂತಾ ಮೇಡಂ?" ಎಂದು ಕೇಳಿದಳು.

"ಇನ್ನೂ ಇಲ್ಲ."

"ಸರಿ." ಎದ್ದು ನಿಂತಳು. "ದೊರೆಗೆ ನೀರಿಡ್ಬೇಕು. ಹೋಗ್ಲಾ?"

ಹೋಗು ಎಂದೆ. ಅವಳ ಹೆಸರು ಉಳಿಸಲು ನನ್ನ ಹತ್ತಿರ ಈಗ ಅರ್ಧ ಉತ್ತರವಿತ್ತು. ಉಳಿದರ್ಧಕ್ಕೆ ಗಡಿಯಾರನನ್ನು ಕರೆದೆ.

ಲಾಯದ ನಡುವಿನ ಹಾದಿಯಲ್ಲಿ ಗೋಡೆಗೆ ಕಪ್ಪು ಬೋರ್ಡು. ಯಾವ ಕುದುರೆ, ಯಾರು ಏರುವುದು, ಯಾರು ಕಟ್ಟುವುದು ಎಂದು ಪ್ರತಿದಿನ ಸೀಮೆಸುಣ್ಣದಲ್ಲಿ ಬರೆಯುವುದು ಗಡಿಯಾರನ ಕೆಲಸ. ಸೋಮವಾರದ್ದನ್ನು ಅಳಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ, ಹಾಗೇ ಇತ್ತು. ದೊರೆ, ಏರುವವರು ಕ್ಯಾಪ್ಟನ್, ಕಟ್ಟುವವರು ಗುಬ್ಬಿ. ಸೂಜಿ, ಏರುವವರು ಗುಬ್ಬಿ, ಕಟ್ಟುವವರು ಗಡಿಯಾರ.

ಸೂಜಿಯ ಸಾಲಿನಲ್ಲಿ ಗುಬ್ಬಿ ಎಂಬ ಎರಡಕ್ಷರದ ಹಿಂದೆ ಇನ್ನೊಂದು ಉದ್ದ ಹೆಸರನ್ನು ಒರೆಸಿದ ಬಿಳಿ ಮಸುಕಿತ್ತು.

"ಅಲ್ಲಿ ಮೊದಲು ಯಾರ ಹೆಸರಿತ್ತು?"

"ನಂದು," ಎಂದ ಗಡಿಯಾರ. "ಸೂಜಿನ ಯಾವಾಗಲೂ ನಾನೇ ಏರೋದು. ಭಾನುವಾರ ಸಂಜೆ ಬದಲಾಯಿಸ್ದೆ."

"ಎಷ್ಟು ಗಂಟೆಗೆ ಅಂತ ಕೇಳೋ ಅಗತ್ಯ ಇಲ್ಲ ಅನ್ಕೋತೀನಿ."

"ಆರು ಹತ್ತಕ್ಕೆ." ಅವನು ನಗಲಿಲ್ಲ. ಹುಡುಗ ತಮಾಷೆಯನ್ನು ತಿಳಿದುಕೊಳ್ಳುವುದಕ್ಕೂ ಟೈಮ್ ಗೊತ್ತುಮಾಡಿಕೊಂಡಿರಬೇಕು. "ಗುಬ್ಬಿ ಕುದುರೆ ಲಾಳ ಕಳ್ಕೊಂಡು ಕುಂಟ್ತಾ ಇತ್ತು. ಅವಳಿಗೆ ಸೂಜಿ ಕೊಡು ಅಂತ ಹೇಳಿದ್ರು."

"ಯಾರು ಹೇಳಿದ್ದು?"

"ಕ್ಯಾಪ್ಟನ್."

"ಆಗ ಇಲ್ಲಿ ಇನ್ನು ಯಾರಿದ್ರು?"

"ನಾವಿಬ್ಬರೇ. ಮಿಕ್ಕವರೆಲ್ಲ ಹಾಸ್ಟೆಲ್‌ಗೆ ಹೋಗಿದ್ರು."

"ಭಾನುವಾರ ಚರ್ಮದ ಸಾಮಾನೆಲ್ಲ ತೊಳೀತೀರಲ್ಲ. ಪಟ್ಟಿಗಳನ್ನ ನೋಡಿದ್ದು ಯಾರು?"

"ನಾನು. ಐದು ಗಂಟೆಗೆ. ಒಂಬತ್ತು ಪಟ್ಟಿನೂ ಹೊಲಿಗೆ ಸವರಿ ನೋಡಿ ಗೂಟಕ್ಕೆ ಹಾಕ್ದೆ. ಎಲ್ಲ ಗಟ್ಟಿಯಾಗಿತ್ತು, ರಿಜಿಸ್ಟರಲ್ಲಿ ಸೈನ್ ಇದೆ."

"ಆಮೇಲೆ ಬೀಗ?"

ಅವನು ಸ್ವಲ್ಪ ತಡೆದ. ಈ ಹುಡುಗ ಉತ್ತರಕ್ಕೆ ತಡಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆರೂಕಾಲಿಗೆ ನಾನು ಹೋದೆ. ಕ್ಯಾಪ್ಟನ್ ಇನ್ನೂ ಬೂಟು ಪಾಲಿಶ್ ಮಾಡ್ತಾ ಇದ್ಲು. ಬೀಗ ಅವಳೇ ಹಾಕಿದ್ದು. ಕೀ ರಾತ್ರಿಯೆಲ್ಲ ಅವಳ ಹತ್ರಾನೇ ಇತ್ತು. ಬೆಳಗ್ಗೆ ಐದೂವರೆಗೆ ಅವಳೇ ತೆಗೆದಿದ್ದು."

"ಸೂಜಿಗೆ ನೀನು ಪಟ್ಟಿ ಬಿಗಿದಾಗ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಐದನೇ ತೂತು ಬಿಗಿ ಇತ್ತು, ಬಕಲ್ ಮುಳ್ಳು ಹೋಗೋಕೆ ಒದ್ದಾಡ್ತು. ಭಾನುವಾರ ತೊಳೆದಿದ್ದಕ್ಕೆ ಚರ್ಮ ಊದಿದೆ ಅನ್ಕೊಂಡೆ. ನಾನು ದಾರ ನೋಡಿದೆ ಮೇಡಂ, ದಾರ ಸರಿಯಾಗಿತ್ತು. ಅದಕ್ಕೇ ಸುಮ್ಮನಾದೆ."

ಅವನ ಮಾತು ಪಟ್ಟಿಯ ಮಾತಿಗೆ ತಾಳೆಯಾಗುತ್ತಿತ್ತು. ಇಷ್ಟು ಕರಾರುವಾಕ್ಕಾಗಿ ಸುಳ್ಳು ಹೇಳುವವರನ್ನೂ ನಾನು ನೋಡಿದ್ದೇನೆ, ಆದರೆ ಅವರು ಆರು ಹತ್ತು ಎನ್ನುವುದಿಲ್ಲ, ಸುಮಾರು ಆರು ಎನ್ನುತ್ತಾರೆ. ರಿಜಿಸ್ಟರ್ ತೆರೆದೆ. ಐದು ಗಂಟೆಯ ಸೈನ್ ಇತ್ತು. ಕೀ ಪುಸ್ತಕ ತೆರೆದೆ. ಆರೂ ನಲವತ್ತಕ್ಕೆ ಕ್ಯಾಪ್ಟನ್‌ನ ಓರೆ ಅಕ್ಷರ.

ಆರೂಕಾಲರಿಂದ ಆರೂ ನಲವತ್ತರವರೆಗೆ ಜೀನುಕೋಣೆಯಲ್ಲಿ ಅವಳೊಬ್ಬಳೇ. ಕೈಯಲ್ಲಿ ಪಾಲಿಶ್ ಡಬ್ಬಿ, ಕಪ್ಪು ಮೇಣ. ನಾಳೆ ಬೆಳಗ್ಗೆ ಸೂಜಿಯ ಮೇಲೆ ಯಾರು ಕೂರುತ್ತಾರೆ ಎಂದು ಗೊತ್ತಿದ್ದವರಲ್ಲಿ ಒಬ್ಬಳು. ಪಟ್ಟಿ ಕಿತ್ತುಬಂದರೆ ಹೊಣೆ ಕಟ್ಟಿದವನದು, ಅಂದರೆ ಗಡಿಯಾರನದು. ಗುಬ್ಬಿ ಬೇಲಿಗೆ ಬೀಳುತ್ತಾಳೆ, ಸ್ಪರ್ಧೆಗೆ ಉಳಿಯುವುದು ಒಬ್ಬಳು.

ಆದರೆ ಬೆಳಗ್ಗೆ ಒಂದು ಸಣ್ಣ ಕೈ ಗೂಟ ಬದಲಾಯಿಸಿತು. ಕ್ಯಾಪ್ಟನ್ ತಾನೇ ಕೊಯ್ದ ಪಟ್ಟಿಯ ಮೇಲೆ ತಾನೇ ಕೂತು ಕುದುರೆಯನ್ನು ಓಡಿಸಿದಳು. ಮೂರು ವರ್ಷ ಅವಳಿಗೆ ಇಲ್ಲದಿದ್ದ ಹೆಸರು ಅವತ್ತು ಸಿಗಬೇಕಾಗಿತ್ತು, ಇಡುವ ಮನಸ್ಸು ಯಾರಿಗೂ ಬರಲಿಲ್ಲ.

ನನಗೆ ಖುಷಿಯಾಗಲಿಲ್ಲ. ಹಾಸಿಗೆ ಹಿಡಿದ ಇಪ್ಪತ್ತೊಂದರ ಹುಡುಗಿಯ ಮೇಲೆ ಬೆರಳು ತೋರಿಸುವುದು ಖುಷಿಯ ಕೆಲಸವಲ್ಲ. ಆದರೂ ಎದೆಯ ಮೇಲಿದ್ದ ಕಲ್ಲೊಂದು ಇಳಿಯಿತು, ಸುಳ್ಳು ಹೇಳಲಾರೆ. ಬೆಂಚಿನ ಮೇಲೆ ಕೂತ ಕಂಡಕ್ಟರಮ್ಮ ಮಗಳನ್ನು ಬಿಟ್ಟು ಒಬ್ಬಳೇ ಮನೆಗೆ ಹೋಗಬಹುದು.

ಗಂಟೆ ಮೂರೂ ಮುಕ್ಕಾಲು. ತಮ್ಮನಿಗೆ ಕೊಡಲು ಒಂದು ಪುಟದ ವರದಿ ಬರೆದೆ. ಪಟ್ಟಿ, ತೂತು, ಹೊಲಿಗೆ, ಬೋರ್ಡು, ಕೀ ಎಲ್ಲ ಬಂತು. ಉಳಿದದ್ದು ಒಂದೇ ಸಾಲು, ದೊರೆಯ ಗಾಯ. ಎಷ್ಟು ಉದ್ದ, ಎಷ್ಟು ಅಗಲ ಎಂದು ಬರೆಯದೆ ಮೇಲಧಿಕಾರಿಗೆ ಕಾಗದ ಕೊಟ್ಟವಳಲ್ಲ ನಾನು. ಆ ಚಾಳಿ ನಿವೃತ್ತಿಯ ಜೊತೆ ಹೋಗಲಿಲ್ಲ. ಟೇಪು ತೆಗೆದುಕೊಂಡು ದೊರೆಯ ಕೊಟ್ಟಿಗೆಗೆ ಹೋದೆ.

ದೊರೆ ಹುಲ್ಲು ಮೆಲ್ಲುತ್ತಿದ್ದ. ನನ್ನನ್ನು ನೋಡಿ ಕಿವಿ ಮುಂದಕ್ಕೆ ಮಾಡಿದ, ಅಷ್ಟೇ. ಬಾಗಿಲಿನ ಕಡೆಗೆ ಅವನ ಬಲಮಗ್ಗುಲಿತ್ತು. ಗಾಯವಾದ ಕುದುರೆಯ ಎರಡೂ ಕಡೆ ನೋಡಬೇಕು ಎಂದು ನಾನೇ ನೂರಾರು ಜನಕ್ಕೆ ಪಾಠ ಹೇಳಿದ್ದೇನೆ. ಮುಂಗಾಲಿನ ಹಿಂದೆ ಕೈಯಾಡಿಸಿದೆ. ಕೂದಲು ದಟ್ಟವಾಗಿತ್ತು, ಚರ್ಮ ತಣ್ಣಗಿತ್ತು. ಸರಿ, ಗಾಯ ಎಡಕ್ಕಲ್ಲವೆ ಎಂದುಕೊಂಡು ಅವನ ಕುತ್ತಿಗೆಯ ಕೆಳಗೆ ನುಸುಳಿ ಆ ಕಡೆ ಹೋದೆ.

ಎಡಗಡೆಯೂ ಕೂದಲು ದಟ್ಟವಾಗಿತ್ತು.

ಬೆಳಕಿಗೆ ತಿರುಗಿಸಿ ನೋಡಿದೆ. ಅಂಗೈಯಿಂದ ಒತ್ತಿದೆ. ದೊರೆ ಮೆಲ್ಲುವುದನ್ನು ನಿಲ್ಲಿಸಲೂ ಇಲ್ಲ. ಪಟ್ಟಿ ಉಜ್ಜಿ ಕೂದಲು ಉದುರಿದ ಜಾಗ ತುಂಬಿ ಬರಲು ಮೂರು ವಾರ ಬೇಕು. ಸೋಮವಾರದಿಂದ ಶನಿವಾರಕ್ಕೆ ಎಷ್ಟು ದಿನ ಎಂದು ಹೇಳಲು ಗಡಿಯಾರ ಬೇಕಾಗಿರಲಿಲ್ಲ.

ಆಗ ನೆನಪಾದದ್ದು ಆ ಹೆಬ್ಬೆರಳು. ದಾರವನ್ನು ಸವರಿ ನೋಡದೆ ಇಲ್ಲಿ ಯಾರೂ ಪಟ್ಟಿ ಎತ್ತುವುದಿಲ್ಲ. ಸೋಮವಾರ ಬೆಳಗ್ಗೆ ಸೂಜಿಯ ಗೂಟದಿಂದ ಪಟ್ಟಿ ಇಳಿಸಿದವಳೂ ಸವರಿಯೇ ಇರುತ್ತಾಳೆ. ನಿನಗೋಸ್ಕರ ಬಂದ ಬ್ಲೇಡು ಎಂದಾಗ ಅದು ಯಾರ ಕೆಲಸ ಎಂದು ಅವಳು ಕೇಳಿರಲಿಲ್ಲ. ಕ್ಯಾಪ್ಟನ್‌ಗೆ ಮಾತು ಬಂತೇ ಎಂದಷ್ಟೇ ಕೇಳಿದ್ದಳು.

"ಅಕ್ಕ," ಎಂದು ಲಾಯದ ಬಾಗಿಲಿನಿಂದ ತಮ್ಮ ಕರೆದ. ಅವನ ಹಿಂದೆ ಖಾಕಿ ಯೂನಿಫಾರ್ಮಿನ ಹೆಂಗಸು ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದಳು. "ಎಲ್ಲರೂ ಬಂದಾಯ್ತು. ಈ ಹುಡುಗಿ ತಪ್ಪೇನೂ ಇಲ್ಲ ಅಂತ ಗಡಿಯಾರ ಹೇಳ್ತಿದಾನೆ. ಹೌದೇನು? ನೀನು ಹೂಂ ಅಂದ್ರೆ ಸಾಕು, ಇವತ್ತಿಗೆ ಮುಗಿಸಿಬಿಡ್ತೀನಿ."

ನಾನು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿ ನೀರಿನ ಬಕೆಟ್ ಇಳಿಸಿದ ಸದ್ದಾಯಿತು. ಗುಬ್ಬಿ ಯಾವಾಗ ಬಂದಳೋ ಗೊತ್ತಾಗಲಿಲ್ಲ. ದೊರೆಯ ಎಡ ಮುಂಗಾಲಿನ ಹಿಂದೆ ಇನ್ನೂ ಇದ್ದ ನನ್ನ ಕೈಯನ್ನೇ ಅವಳು ನೋಡುತ್ತಿದ್ದಳು.

"ಅಯ್ಯೋ, ಎಡಗಡೆ ಅಂದ್ನಾ ನಾನು?" ಎಂದಳು ಮೆತ್ತಗೆ. "ತಪ್ಪಿ ಹೇಳಿದೆ ಮೇಡಂ. ಗಾಯ ಇರೋದು ಬಲಗಡೆ."

ಬಲಗಡೆಯನ್ನು ನಾನು ಮೊದಲೇ ನೋಡಿ ಮುಗಿಸಿದ್ದೆ.